ಇಸ್ರೇಲ್‌ನ ಅಂತರಧರ್ಮೀಯ ಮದುವೆಗಳ ಸುದ್ದಿಯನ್ನು ಕನ್ನಡಕ್ಕೆ ತರುವ ಬಗೆ

ಇಸ್ರೇಲ್‌ನ ಲೆಹಾವಾ ಎಂಬ, ಯೆಹೂದಿಗಳು ಅನ್ಯಧರ್ಮೀಯರನ್ನು ಮದುವೆಯಾಗುವುದನ್ನು ವಿರೋಧಿಸುವ ಸಂಘಟನೆಯ ಬಗ್ಗೆ ಸುದ್ದಿ ಏಜೆನ್ಸಿಯ ಕಾಪಿ ಬಂದಾಗ ನಮ್ಮ ಸುದ್ದಿಮನೆಗಳಲ್ಲಿ ಅದನ್ನು ಪುಟ ಮುಗಿಸುವ ಅವಸರದಲ್ಲೇ ಅನುವಾದಿಸುವುದು ವಾಡಿಕೆ. 2014ರ ಆಗಸ್ಟ್‌ನಲ್ಲಿ ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯಲ್ಲಿ, ಮದುವೆಯೊಂದರ ವಿರುದ್ಧ ಆ ಸಂಘಟನೆ ನಡೆಸಿದ ಪ್ರತಿಭಟನೆಯ ಸುದ್ದಿಗೆ ‘ಯೆಹೂದಿ–ಮುಸ್ಲಿಂ ಮದುವೆಗೆ ಇಸ್ರೇಲ್ ವಿರೋಧ’ ಎಂಬ ತಲೆಬರಹ ಕೊಟ್ಟವನು ನಾನು. ಆ ದೇಶದ ಅಧ್ಯಕ್ಷರೇ ವಧೂವರರ ಪರವಾಗಿ ಮಾತನಾಡಿದ್ದಾರೆ ಎಂಬ ವಿವರ ಅದೇ ಕಾಪಿಯ ಕೆಳಭಾಗದಲ್ಲಿತ್ತು. ಸ್ಥಳ ಸಾಲದೆಂದು ನಾನು ಕತ್ತರಿಸಿ ಹಾಕಿದ ಸಾಲುಗಳಲ್ಲಿ ಅದೂ ಹೋಯಿತು. ಪಕ್ಕದಲ್ಲಿ ಹಾಕಿದ ಚಿತ್ರವಾದರೋ ಜೆರುಸಲೇಮಿನಲ್ಲಿ ಯೆಹೂದಿಗಳ ಪವಿತ್ರ ಸ್ಥಳವಾದ ಪಶ್ಚಿಮ ಗೋಡೆಯ ಮುಂದೆ ಕರಿ ಟೋಪಿ ಧರಿಸಿ ಪ್ರಾರ್ಥನೆ ಮಾಡುತ್ತಿದ್ದ ಯಾರೋ ಹಿರಿಯರದ್ದು. ಅವರಿಗೂ ಆ ಪ್ರತಿಭಟನೆಗೂ ಏನೇನೂ ಸಂಬಂಧವಿರಲಿಲ್ಲ. ಒಂದು ಗುಂಪಿನ ದ್ವೇಷವನ್ನು ಇಡೀ ದೇಶಕ್ಕೂ ಇಡೀ ಧರ್ಮಕ್ಕೂ ಹಚ್ಚಿದ ಆ ತಪ್ಪು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಈ ವಿಷಯವನ್ನು ಕನ್ನಡದಲ್ಲಿ ಬರೆಯುವವರು, ಅನುವಾದಿಸುವವರು, ಎಚ್ಚರದಿಂದ ಓದಬಯಸುವವರು ಅನುಸರಿಸಬಹುದಾದ ಕ್ರಮವೊಂದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಕಾನೂನನ್ನು ಬೇರೆಯಾಗಿ ಇಟ್ಟುಕೊಳ್ಳಿ

ಇಸ್ರೇಲ್‌ನಲ್ಲಿ ಅಂತರಧರ್ಮೀಯ ಮದುವೆಯನ್ನು ಅಪರಾಧವೆನ್ನುವ ಕಾನೂನು ಇಲ್ಲ. ಆದರೆ ದೇಶದೊಳಗೆ ಅಂಥ ಮದುವೆಯನ್ನು ನಡೆಸಿಕೊಡುವ ಸರ್ಕಾರಿ ಕಚೇರಿಯೂ ಇಲ್ಲ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಬರೆಯಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಬರೆದರೆ ಓದುಗರು ದಾರಿ ತಪ್ಪುತ್ತಾರೆ. ಆಟೊಮನ್ ಸಾಮ್ರಾಜ್ಯದ ಕಾಲದಲ್ಲಿ ಮದುವೆ ಮತ್ತು ವಿಚ್ಛೇದನಗಳನ್ನು ಆಯಾ ಧರ್ಮದ ನ್ಯಾಯಪೀಠಗಳಿಗೆ ಬಿಟ್ಟುಕೊಟ್ಟ ಏರ್ಪಾಡನ್ನು ಬ್ರಿಟಿಷರು ಮುಂದುವರಿಸಿದರು, ಸ್ವತಂತ್ರ ಇಸ್ರೇಲ್ ಸಹ ಅದನ್ನು ಕೈಬಿಡಲಿಲ್ಲ. 1953ರ ಕಾನೂನು ಯೆಹೂದಿಗಳ ಮದುವೆ ಮತ್ತು ವಿಚ್ಛೇದನವನ್ನು ಅವರ ಧರ್ಮಗುರುಗಳಾದ ರಬ್ಬಿಗಳ ನ್ಯಾಯಾಲಯಗಳ ವ್ಯಾಪ್ತಿಗೆ ಸೇರಿಸಿತು. ಮುಸ್ಲಿಮರಿಗೆ ಷರಿಯಾ ನ್ಯಾಯಾಲಯಗಳಿವೆ, ಕ್ರೈಸ್ತರಿಗೆ ಅವರವರ ಚರ್ಚುಗಳ ನ್ಯಾಯಪೀಠಗಳಿವೆ. ರಬ್ಬಿಗಳು ಯೆಹೂದಿ ಮತ್ತು ಯೆಹೂದಿಯಲ್ಲದವರ ಮದುವೆಯನ್ನು ನಡೆಸಿಕೊಡುವುದಿಲ್ಲ. ಮುಸ್ಲಿಂ ಪುರುಷನು ಯೆಹೂದಿ ಸ್ತ್ರೀಯನ್ನು ಮದುವೆಯಾಗಲು ಇಸ್ಲಾಮಿನ ಸಾಂಪ್ರದಾಯಿಕ ನಿಯಮದಲ್ಲಿ ಅವಕಾಶವಿದೆ, ಮುಸ್ಲಿಂ ಸ್ತ್ರೀಗೆ ಅದೇ ಅವಕಾಶವಿಲ್ಲ.

ಹೀಗಾಗಿ ಬೇರೆ ಬೇರೆ ಧರ್ಮದ ಜೋಡಿಗಳು ವಿಮಾನ ಹತ್ತಿ ಪಕ್ಕದ ಸೈಪ್ರಸ್‌ಗೆ ಹೋಗಿ, ಅಲ್ಲಿನ ಪುರಸಭೆಯ ಕಚೇರಿಯಲ್ಲಿ ಮದುವೆಯಾಗಿ ಮರಳುತ್ತಾರೆ. ಹೊರದೇಶದಲ್ಲಿ ನಡೆದ ಇಂಥ ಮದುವೆಯನ್ನು ನೋಂದಣಿ ಅಧಿಕಾರಿ ದಾಖಲಿಸಲೇಬೇಕು ಎಂದು ಇಸ್ರೇಲ್‌ನ ಸುಪ್ರೀಂ ಕೋರ್ಟ್ 1963ರಲ್ಲೇ ತೀರ್ಪು ನೀಡಿತು. ಆ ಪ್ರಕರಣದಲ್ಲಿ ಸೈಪ್ರಸ್‌ನಲ್ಲಿ ಮದುವೆಯಾಗಿದ್ದವರು ಒಬ್ಬ ಯೆಹೂದಿ ಪುರುಷ ಮತ್ತು ಬೆಲ್ಜಿಯಂನ ಒಬ್ಬ ಕ್ರೈಸ್ತ ಮಹಿಳೆ. ಕೊರೊನಾ ಕಾಲದಲ್ಲಿ ಪ್ರಯಾಣ ನಿಂತಾಗ ಜೋಡಿಗಳು ಅಮೆರಿಕದ ಯೂಟಾ ರಾಜ್ಯದ ಅಧಿಕಾರಿಗಳ ಮುಂದೆ ವಿಡಿಯೊ ಕರೆಯ ಮೂಲಕ ಮದುವೆಯಾಗತೊಡಗಿದರು. ಆ ಮದುವೆಗಳನ್ನೂ ದಾಖಲಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2010ರಲ್ಲಿ ಬಂದ ಸಿವಿಲ್ ಒಪ್ಪಂದದ ಕಾನೂನು ವಧು ಮತ್ತು ವರ ಇಬ್ಬರೂ ಯಾವ ಧರ್ಮಕ್ಕೂ ಸೇರದವರೆಂದು ದಾಖಲಾಗಿದ್ದರೆ ಮಾತ್ರ ಅನ್ವಯಿಸುತ್ತದೆ. ಆದ್ದರಿಂದ ಅದು ಅಂತರಧರ್ಮೀಯ ಜೋಡಿಗಳ ಕಷ್ಟವನ್ನು ಪರಿಹರಿಸಲಿಲ್ಲ.

ಈ ವ್ಯವಸ್ಥೆ ಅನ್ಯಾಯದ್ದು ಎಂಬುದು ನನ್ನ ಅಭಿಪ್ರಾಯ. ಆದರೂ ಸಿವಿಲ್ ಮದುವೆಯ ಏರ್ಪಾಡಿಲ್ಲದ ದೇಶ ಮತ್ತು ಮದುವೆ ಮಂಟಪದ ಮುಂದೆ ನಿಂತು ‘ಅರಬರಿಗೆ ಸಾವು’ ಎಂದು ಕೂಗುವ ಗುಂಪು ಬೇರೆ ಬೇರೆ ಸಂಗತಿಗಳು. ಎರಡನ್ನೂ ಒಂದೇ ವಾಕ್ಯದಲ್ಲಿ ‘ಇಸ್ರೇಲ್’ ಎಂಬ ಕರ್ತೃಪದಕ್ಕೆ ಗಂಟು ಹಾಕಬಾರದು.

ಎರಡನೆಯದಾಗಿ, ಧರ್ಮದ ಕಟ್ಟಳೆ ಮತ್ತು ಸಮುದಾಯದ ಆತಂಕ

ಯೆಹೂದಿ ಧರ್ಮಶಾಸ್ತ್ರವಾದ ಹಲಾಖಾ ಅನ್ಯಧರ್ಮೀಯರೊಡನೆ ಮದುವೆಯನ್ನು ಒಪ್ಪುವುದಿಲ್ಲ. ಹೀಬ್ರೂ ಬೈಬಲಿನ ಧರ್ಮೋಪದೇಶ ಕಾಂಡದ ಏಳನೆಯ ಅಧ್ಯಾಯದಲ್ಲಿ ನಿಷೇಧದ ಮಾತಿದೆ. ಬ್ಯಾಬಿಲೋನಿನಿಂದ ಮರಳಿದವರು ತಮ್ಮ ಅನ್ಯ ಹೆಂಡತಿಯರನ್ನು ಬಿಡಬೇಕೆಂದು ಎಜ್ರನು ವಿಧಿಸಿದ ಪ್ರಸಂಗವೂ ಇದೆ. ಅದೇ ಬೈಬಲಿನಲ್ಲಿ ಮೋವಾಬ್ ದೇಶದ ರೂತಳ ಕಥೆಯೂ ಇದೆ. ಅತ್ತೆಯ ಜನರನ್ನು ತನ್ನ ಜನರೆಂದು ಸ್ವೀಕರಿಸಿದ ಆ ಪರದೇಶದ ಸೊಸೆಯ ಮರಿಮಗ ದಾವೀದ ರಾಜ. ಸಾಂಪ್ರದಾಯಿಕ ನಿಯಮದಂತೆ ತಾಯಿ ಯೆಹೂದಿಯಾಗಿದ್ದರೆ ಮಗು ಯೆಹೂದಿ. ಅಮೆರಿಕದ ಯೆಹೂದಿಗಳ ಉದಾರವಾದಿ ರಿಫಾರ್ಮ್ ಪಂಥ 1983ರಲ್ಲಿ ಇದನ್ನು ಸಡಿಲಿಸಿ, ಯೆಹೂದಿಯಾಗಿ ಬೆಳೆದ ಮಗುವಿಗೆ ತಂದೆಯ ಕಡೆಯ ಸಂಬಂಧವೂ ಸಾಕೆಂದಿತು. ಅಂದರೆ ಧರ್ಮದೊಳಗೇ ಒಂದಕ್ಕಿಂತ ಹೆಚ್ಚು ದನಿಗಳಿವೆ.

ಸಮಾಜದ ಮನೋಭಾವಕ್ಕೆ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಅಂಕಿಗಳನ್ನು ಬಳಸಬಹುದು. 2016ರಲ್ಲಿ ಪ್ರಕಟವಾದ ಅದರ ಸಮೀಕ್ಷೆಯಲ್ಲಿ, ತಮ್ಮ ಮಕ್ಕಳು ಮುಸ್ಲಿಮರನ್ನು ಮದುವೆಯಾದರೆ ತಮಗೆ ಸಮಾಧಾನವಿರುವುದಿಲ್ಲ ಎಂದ ಇಸ್ರೇಲಿ ಯೆಹೂದಿಗಳು ಶೇ 97ರಷ್ಟು. ಕ್ರೈಸ್ತರ ವಿಷಯದಲ್ಲಿ ಹಾಗೆಂದವರು ಶೇ 89ರಷ್ಟು. ಅಮೆರಿಕದ ಚಿತ್ರ ಇದಕ್ಕೆ ಪೂರಾ ವಿರುದ್ಧವಾಗಿದೆ. 2020ರ ಸಮೀಕ್ಷೆಯಂತೆ ಅಲ್ಲಿ 2010ರ ನಂತರ ಮದುವೆಯಾದ ಯೆಹೂದಿಗಳಲ್ಲಿ ಶೇ 61ರಷ್ಟು ಮಂದಿಯ ಸಂಗಾತಿ ಯೆಹೂದಿಯಲ್ಲ. ಯುರೋಪಿನಲ್ಲಿ ಅರವತ್ತು ಲಕ್ಷ ಮಂದಿಯನ್ನು ಕಳೆದುಕೊಂಡ ಸಣ್ಣ ಸಮುದಾಯವೊಂದಕ್ಕೆ ತಾನು ಕರಗಿಹೋದೇನೆಂಬ ಭಯವಿರುವುದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಆ ಶೇ 97ರಲ್ಲಿ ಬಹುಪಾಲು ಜನ ಮಗಳ ಆಯ್ಕೆಗೆ ಮನೆಯಲ್ಲಿ ಕೂತು ಅಳಬಹುದೇ ಹೊರತು, ಬೇರೊಬ್ಬರ ಮದುವೆಯ ಬಾಗಿಲಿಗೆ ಹೋಗಿ ಗದ್ದಲವೆಬ್ಬಿಸುವವರಲ್ಲ. ಆದರೆ ಗದ್ದಲವೆಬ್ಬಿಸುವವರಿಗೆ ಈ ಅಸಮಾಧಾನವೇ ಗೊಬ್ಬರ ಎಂಬುದನ್ನೂ ಬರೆಯಬೇಕು. ಅಂಕಿಯನ್ನು ಕೊಡುವಾಗ ಈ ಎರಡು ಮಾತುಗಳಲ್ಲಿ ಒಂದನ್ನೂ ಬಿಡಬೇಡಿ.

ಮೂರನೆಯದಾಗಿ, ಸಂಘಟನೆಯ ವಂಶಾವಳಿಯನ್ನು ಹಿಡಿಯಿರಿ

‘ತೀವ್ರ ಬಲಪಂಥೀಯ’ ಎಂಬ ವಿಶೇಷಣವನ್ನು ಸುಮ್ಮನೆ ಅಂಟಿಸಿದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. ಲೆಹಾವಾ ಎಲ್ಲಿಂದ ಬಂತು ಎಂದು ಎರಡು ಸಾಲಿನಲ್ಲಿ ಹೇಳಿ. ಅದರ ಮುಖಂಡ ಬೆನ್‌ಜಿಯೊನ್ ಗೋಪ್‌ಸ್ಟೈನ್ ರಬ್ಬಿ ಮೇರ್ ಕಹಾನೆಯ ಶಿಷ್ಯ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1932ರಲ್ಲಿ ಹುಟ್ಟಿದ ಕಹಾನೆ 1968ರಲ್ಲಿ ಅಲ್ಲಿ ಯೆಹೂದಿ ರಕ್ಷಣಾ ದಳ ಕಟ್ಟಿದ. 1971ರಲ್ಲಿ ಇಸ್ರೇಲ್‌ಗೆ ಬಂದು ಕಾಖ್ ಪಕ್ಷ ಆರಂಭಿಸಿದ. 1984ರ ಚುನಾವಣೆಯಲ್ಲಿ ಶೇ 1.2ರಷ್ಟು ಮತ ಪಡೆದು ಒಂದೇ ಒಂದು ಸ್ಥಾನ ಗೆದ್ದು ಅಲ್ಲಿನ ಸಂಸತ್ತಾದ ಕ್ನೆಸೆಟ್ ಪ್ರವೇಶಿಸಿದ. ಅವನು ಮಂಡಿಸಬಯಸಿದ ಮಸೂದೆಗಳಲ್ಲಿ ಯೆಹೂದಿಗಳು ಮತ್ತು ಯೆಹೂದಿಯಲ್ಲದವರ ನಡುವಿನ ಮದುವೆಯನ್ನೂ ದೈಹಿಕ ಸಂಬಂಧವನ್ನೂ ನಿಷೇಧಿಸುವ ಮಸೂದೆ ಒಂದಾಗಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಮಸೂದೆಯ ನಿಜರೂಪವನ್ನು ತೋರಿಸಿಕೊಟ್ಟವರು ಎಡಪಂಥದವರಲ್ಲ. ಬಲಪಂಥೀಯ ಲಿಕುಡ್ ಪಕ್ಷದ ಸದಸ್ಯ ಮಿಖಾಯೆಲ್ ಐತಾನ್. ಯೆಹೂದಿಗಳೊಡನೆ ಮದುವೆಯನ್ನೂ ಸಂಬಂಧವನ್ನೂ ನಿಷೇಧಿಸಿದ ನಾಜಿಗಳ 1935ರ ನ್ಯೂರೆಂಬರ್ಗ್ ಕಾನೂನುಗಳನ್ನು ಒಂದು ಕಡೆ, ಕಹಾನೆಯ ಮಸೂದೆಗಳನ್ನು ಇನ್ನೊಂದು ಕಡೆ ಇಟ್ಟು, ಅಂಶ ಅಂಶವಾಗಿ ಹೋಲಿಸಿ ಅವರು ಪಟ್ಟಿ ಮಾಡಿದರು. ಕಹಾನೆ ಭಾಷಣಕ್ಕೆ ನಿಂತರೆ ಸದಸ್ಯರು ಎದ್ದು ಹೊರಹೋಗುತ್ತಿದ್ದರು, ಬಲಪಂಥೀಯ ಪ್ರಧಾನಿ ಇತ್ಜಾಕ್ ಶಮೀರ್ ಅವರೂ ಹೋಗುತ್ತಿದ್ದರು. 1985ರಲ್ಲಿ ಕ್ನೆಸೆಟ್ ತನ್ನ ಮೂಲ ಕಾನೂನಿಗೆ ತಿದ್ದುಪಡಿ ತಂದು, ಜನಾಂಗ ದ್ವೇಷವನ್ನು ಪ್ರಚೋದಿಸುವ ಪಕ್ಷಗಳ ಅಭ್ಯರ್ಥಿ ಪಟ್ಟಿಗಳು ಚುನಾವಣೆಗೆ ನಿಲ್ಲುವಂತಿಲ್ಲ ಎಂದಿತು, ಅದರಂತೆ 1988ರಲ್ಲಿ ಕಾಖ್ ಪಕ್ಷವನ್ನು ಕಣದಿಂದ ಹೊರಗಿಡಲಾಯಿತು. 1990ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಕಹಾನೆಯ ಹತ್ಯೆಯಾಯಿತು. 1994ರ ಫೆಬ್ರುವರಿ 25ರಂದು ಅವನ ಅನುಯಾಯಿ ಬಾರೂಖ್ ಗೋಲ್ಡ್‌ಸ್ಟೈನ್ ಹೆಬ್ರಾನ್‌ನ ಇಬ್ರಾಹಿಮಿ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಮಂದಿಯನ್ನು ಗುಂಡಿಟ್ಟು ಕೊಂದ. ಅದಾದ ಮೇಲೆ ಇಸ್ರೇಲ್ ಸರ್ಕಾರ ಕಾಖ್ ಮತ್ತು ಅದರ ಕವಲನ್ನು ಭಯೋತ್ಪಾದಕ ಸಂಘಟನೆಗಳೆಂದು ನಿಷೇಧಿಸಿತು.

ಪಕ್ಷ ಹೋದರೂ ಶಿಷ್ಯರು ಉಳಿದರು. ಇತಮಾರ್ ಬೆನ್ ಗ್ವಿರ್ ತಾರುಣ್ಯದಲ್ಲಿ ಕಾಖ್‌ನ ಯುವ ವಿಭಾಗದಲ್ಲಿದ್ದವರು; ಜನಾಂಗ ದ್ವೇಷದ ಪ್ರಚೋದನೆ ಮತ್ತು ಭಯೋತ್ಪಾದಕ ಸಂಘಟನೆಗೆ ಬೆಂಬಲದ ಆರೋಪದಲ್ಲಿ 2007ರಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾದವರು; 2022ರ ಡಿಸೆಂಬರ್ ಕೊನೆಯಲ್ಲಿ ರಾಷ್ಟ್ರೀಯ ಭದ್ರತಾ ಸಚಿವರಾದವರು. ಹಿಂದೆ ಸಂಸತ್ತಿನ ಎಲ್ಲ ಪಕ್ಷಗಳೂ ದೂರವಿಟ್ಟ ಚಿಂತನೆಯ ಹಿನ್ನೆಲೆಯವರೊಬ್ಬರ ಕೈಗೆ ಪೊಲೀಸ್ ಇಲಾಖೆ ಬಂದಿತು ಎಂಬುದನ್ನು ನಾವು ಬರೆಯಲೇಬೇಕು. ಗೋಪ್‌ಸ್ಟೈನ್ 2019ರ ಸೆಪ್ಟೆಂಬರ್ ಚುನಾವಣೆಗೆ ನಿಲ್ಲದಂತೆ ಸುಪ್ರೀಂ ಕೋರ್ಟ್ ತಡೆಯಿತು ಎಂಬುದನ್ನೂ ಬರೆಯಬೇಕು.

ಲೆಹಾವಾದ ಕೆಲಸದ ಬಗೆಯನ್ನು ಹೇಳುವಾಗ ಕ್ರಿಯಾಪದಗಳನ್ನು ನಿಖರವಾಗಿ ಬಳಸಿ. ಅರಬ್ ಯುವಕರೊಡನೆ ಓಡಾಡುವ ಯೆಹೂದಿ ಯುವತಿಯರ ಬಗ್ಗೆ ಮಾಹಿತಿ ಕೊಡಲು ಅದು ಫೋನ್ ಸಂಖ್ಯೆ ಇಟ್ಟಿತು. ಅರಬರನ್ನು ಕೆಲಸಕ್ಕೆ ಇಟ್ಟುಕೊಳ್ಳದ ಅಂಗಡಿಗಳಿಗೆ ಪ್ರಮಾಣಪತ್ರ ಹಂಚಿತು. ಜೆರುಸಲೇಮಿನ ಝಯನ್ ಚೌಕದಲ್ಲಿ ಅದರ ಕರಿ ಅಂಗಿಯ ಹುಡುಗರು ರಾತ್ರಿ ಹೊತ್ತು ಗಸ್ತು ತಿರುಗಿದರು. 2021ರ ಏಪ್ರಿಲ್ 22ರ ರಾತ್ರಿ ಅದರ ಮೆರವಣಿಗೆ ಜೆರುಸಲೇಮಿನ ಹಳೆಯ ನಗರದ ಡಮಾಸ್ಕಸ್ ದ್ವಾರದತ್ತ ಹೊರಟಾಗ ನಡೆದ ಘರ್ಷಣೆಗಳಲ್ಲಿ ನೂರಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಗಾಯಗೊಂಡರು. ಹಿಂದಿನ ಸೋವಿಯತ್ ಒಕ್ಕೂಟದಿಂದ ಬಂದು ಇಸ್ರೇಲಿ ಪೌರರಾಗಿರುವ ಲಕ್ಷಾಂತರ ಜನ ಹಲಾಖಾದ ಪ್ರಕಾರ ಯೆಹೂದಿಗಳಲ್ಲ, ಯೆಹೂದಿಗಳೊಡನೆ ಅವರ ಮದುವೆಗಳೂ ನಡೆಯುತ್ತವೆ. ಆದರೆ ಲೆಹಾವಾದ ಕೂಗು ಕೇಳಿಬರುವುದು ಮುಖ್ಯವಾಗಿ ಅರಬ್ ಗಂಡಸರ ವಿರುದ್ಧ. ಧರ್ಮಶಾಸ್ತ್ರದ ಹೆಸರಿನಲ್ಲಿ ನಡೆಯುವ ಈ ಕೆಲಸದ ತಿರುಳು ಏನೆಂಬುದನ್ನು ಈ ಒಂದು ಹೋಲಿಕೆ ಚೆನ್ನಾಗಿ ತೋರಿಸುತ್ತದೆ.

ಪದಗಳ ಆಯ್ಕೆ

ಲೆಹಾವಾ ಎಂದರೆ ಹೀಬ್ರೂವಿನಲ್ಲಿ ಜ್ವಾಲೆ. ‘ಪವಿತ್ರ ಭೂಮಿಯಲ್ಲಿ ಹಿತ್ಬೊಲೆಲುತ್ ತಡೆಯುವುದಕ್ಕಾಗಿ’ ಎಂಬ ಅರ್ಥದ ಪೂರ್ಣ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಆ ಪದ ಮಾಡಿಕೊಂಡಿದ್ದಾರೆ. ಹಿತ್ಬೊಲೆಲುತ್ ಎಂಬುದನ್ನು ಕನ್ನಡದಲ್ಲಿ ‘ಸಮ್ಮಿಲನ’ ಎಂದೋ ‘ಸಮನ್ವಯ’ ಎಂದೋ ಬರೆದವರಿದ್ದಾರೆ. ಆ ಪದಗಳು ನಮ್ಮ ಕಿವಿಗೆ ಹಿತವಾದವು. ಹೀಬ್ರೂ ಪದ ಹೊರುವ ಭಯ ಅವುಗಳಲ್ಲಿ ಇಲ್ಲ. ‘ಬೆರೆತು ಕರಗಿಹೋಗುವುದು’ ಎಂದರೆ ಹತ್ತಿರವಾಗುತ್ತದೆ.

ಇನ್ನೊಂದು ಪದ ‘ರಕ್ಷಣೆ’. ಅರಬ್ ಹಳ್ಳಿಗಳಿಂದ ಯೆಹೂದಿ ಹೆಂಗಸರನ್ನು ‘ರಕ್ಷಿಸಿದೆವು’ ಎಂದು ಯಾದ್ ಲಆಖಿಮ್ ಎಂಬ ಸಂಸ್ಥೆ ಪ್ರಕಟಣೆ ನೀಡುತ್ತದೆ. ಗಂಡನ ಹೊಡೆತದಿಂದ ತಪ್ಪಿಸಿಕೊಳ್ಳಲು ನಿಜವಾಗಿಯೂ ಸಹಾಯ ಬೇಡಿದ ಹೆಂಗಸರು ಅವರಲ್ಲಿ ಇರಬಹುದು. ಯಾವ ಧರ್ಮದ ಮದುವೆಯಲ್ಲಿ ಅಂಥ ಹೆಂಗಸರಿಲ್ಲ? ಆದರೆ ಆಕೆಯ ಮಾತು ಸುದ್ದಿಯಲ್ಲಿ ಇಲ್ಲದಿದ್ದರೆ ‘ರಕ್ಷಿಸಿದ್ದಾಗಿ ಸಂಸ್ಥೆ ಹೇಳಿಕೊಂಡಿದೆ’ ಎಂದೇ ಬರೆಯಿರಿ. ವಯಸ್ಕ ಹೆಣ್ಣೊಬ್ಬಳು ತಾನಾಗಿ ಕೈಗೊಂಡ ತೀರ್ಮಾನವನ್ನು ‘ಬಲೆಗೆ ಬಿದ್ದಳು’, ‘ಮರುಳಾದಳು’ ಎಂದು ಬರೆಯುವ ಚಾಳಿ ನಮ್ಮಲ್ಲಿಯೂ ಇದೆ, ಅದನ್ನು ಅಲ್ಲಿಗೆ ರಫ್ತು ಮಾಡುವುದು ಬೇಡ. ‘ಲವ್ ಜಿಹಾದ್’ ಎಂಬ ಪದವನ್ನಂತೂ ಈ ಸುದ್ದಿಗಳಲ್ಲಿ ಬಳಸಲೇಬಾರದು. ಅದು ಬೇರೆ ದೇಶದ, ಬೇರೆ ರಾಜಕೀಯದ ಆರೋಪದ ಪದ.

ಕರಿ ಟೋಪಿ, ಉದ್ದ ಕೋಟು, ಕೆನ್ನೆಯ ಬದಿಗೆ ಇಳಿಬಿಟ್ಟ ಕೂದಲಿನ ಹರೇದಿಗಳು ಒಂದು ಧಾರ್ಮಿಕ ಸಮುದಾಯ. ಕಹಾನೆಯ ಹಿಂಬಾಲಕರು ಒಂದು ರಾಜಕೀಯ ಪಂಥ. ಹರೇದಿಯ ಚಿತ್ರವನ್ನು ತೀವ್ರವಾದದ ಸುದ್ದಿಗೆ ಹಾಕುವುದು, ಗಡ್ಡ ಬಿಟ್ಟ ಮೌಲ್ವಿಯೊಬ್ಬರ ಚಿತ್ರವನ್ನು ಬಾಂಬ್ ಸ್ಫೋಟದ ಸುದ್ದಿಗೆ ಹಾಕಿದಷ್ಟೇ ದೊಡ್ಡ ಅಪರಾಧ. ‘ಯೆಹೂದಿಗಳು ವಿರೋಧಿಸಿದರು’ ಎಂಬ ಬಹುವಚನವೂ ಅದೇ ಅಪರಾಧವನ್ನು ಮಾತಿನಲ್ಲಿ ಮಾಡುತ್ತದೆ.

ಘಟನೆಯನ್ನು ಹತ್ತಿರದಿಂದ ತೋರಿಸಿ

2014ರ ಆಗಸ್ಟ್ 17ರ ಭಾನುವಾರ. ಗಾಜಾದಲ್ಲಿ ಯುದ್ಧ ನಡೆಯುತ್ತಿತ್ತು. ಟೆಲ್ ಅವೀವ್‌ನ ದಕ್ಷಿಣಕ್ಕಿರುವ ರಿಶೋನ್ ಲೆಜಿಯೊನ್ ಊರಿನ ಮದುವೆ ಮಂಟಪವೊಂದರಲ್ಲಿ, ಯಾಫಾ ಊರಿನ ಮುಸ್ಲಿಂ ಯುವಕ ಮತ್ತು ಯೆಹೂದಿ ಮನೆಯಲ್ಲಿ ಹುಟ್ಟಿ ಇಸ್ಲಾಂ ಸ್ವೀಕರಿಸಿದ್ದ ಯುವತಿಯ ಮದುವೆಯ ಸಂಭ್ರಮ. ಲೆಹಾವಾ ಅವರ ಆಮಂತ್ರಣ ಪತ್ರಿಕೆಯನ್ನು ಇಂಟರ್ನೆಟ್ಟಿನಲ್ಲಿ ಹಾಕಿ, ಧ್ವನಿವರ್ಧಕ ಮತ್ತು ತುತ್ತೂರಿಗಳೊಡನೆ ಬರುವಂತೆ ಜನರಿಗೆ ಕರೆ ನೀಡಿತ್ತು. ವರ ನ್ಯಾಯಾಲಯಕ್ಕೆ ಹೋದ. ಪ್ರತಿಭಟನೆಯನ್ನು ನಿಷೇಧಿಸಲು ಒಪ್ಪದ ನ್ಯಾಯಾಲಯ, ಪ್ರತಿಭಟನಕಾರರು ಮಂಟಪದಿಂದ 200 ಮೀಟರ್ ದೂರದಲ್ಲಿರಬೇಕೆಂದು ಆದೇಶಿಸಿತು. ಆ ಸಂಜೆ ಇನ್ನೂರಕ್ಕೂ ಹೆಚ್ಚು ಮಂದಿ ಬಂದು ‘ಅರಬರಿಗೆ ಸಾವು’ ಎಂದು ಕೂಗಿದರು, ಪೊಲೀಸರು ಅಡ್ಡಗಟ್ಟಿ ನಿಂತರು, ನಾಲ್ವರನ್ನು ಬಂಧಿಸಿದರು. ಇನ್ನೊಂದು ಪಕ್ಕದಲ್ಲಿ ಹೂವು ಹಿಡಿದು ವಧೂವರರಿಗೆ ಶುಭ ಕೋರಲು ಬಂದ ಇಸ್ರೇಲಿಗಳು ನಿಂತಿದ್ದರು. ಆಗಿನ ಆರೋಗ್ಯ ಸಚಿವೆ ಯಾಯೆಲ್ ಗೆರ್ಮನ್ ಮದುವೆಗೆ ಬಂದರು. ಅಧ್ಯಕ್ಷ ರೂವೆನ್ ರಿವ್ಲಿನ್, ತಾವು ಲಿಕುಡ್ ಪಕ್ಷದಿಂದ ಬಂದವರಾದರೂ, ಪ್ರಜಾಪ್ರಭುತ್ವದಲ್ಲಿ ತಮ್ಮ ಸ್ವಾತಂತ್ರ್ಯವನ್ನು ಬಳಸಿಕೊಂಡ ಈ ಇಬ್ಬರ ವಿರುದ್ಧದ ಪ್ರಚೋದನೆ ಸಿಟ್ಟು ತರಿಸುವಂಥದು ಎಂಬರ್ಥದಲ್ಲಿ ಫೇಸ್‌ಬುಕ್‌ನಲ್ಲಿ ಬರೆದರು. ಎಲ್ಲರೂ ಇದನ್ನು ಒಪ್ಪಬೇಕಿಲ್ಲ, ಗೌರವಿಸಬೇಕು ಎಂಬುದು ಅವರ ನಿಲುವಾಗಿತ್ತು.

ಅದೇ ವರ್ಷದ ನವೆಂಬರ್ 29ರ ರಾತ್ರಿ ಜೆರುಸಲೇಮಿನ ದ್ವಿಭಾಷಾ ಶಾಲೆಯೊಂದಕ್ಕೆ ಬೆಂಕಿ ಬಿತ್ತು. ಯೆಹೂದಿ ಮತ್ತು ಅರಬ್ ಮಕ್ಕಳು ಹೀಬ್ರೂ ಮತ್ತು ಅರಬ್ಬಿ ಎರಡರಲ್ಲೂ ಒಟ್ಟಿಗೆ ಕಲಿಯುವ ಶಾಲೆ ಅದು. ಒಂದನೆಯ ತರಗತಿಯ ಕೋಣೆಯಲ್ಲಿ ಪುಸ್ತಕಗಳನ್ನು ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದರು. ಗೋಡೆಯ ಮೇಲೆ ‘ಕ್ಯಾನ್ಸರ್ ಜೊತೆ ಸಹಬಾಳ್ವೆ ಇಲ್ಲ’ ಎಂದೂ ‘ಕಹಾನೆ ಹೇಳಿದ್ದೇ ಸರಿ’ ಎಂದೂ ಬರೆದಿದ್ದರು. ಶಿಕ್ಷೆಗೊಳಗಾದ ಮೂವರು ಲೆಹಾವಾಕ್ಕೆ ಸೇರಿದವರು. ಆರು ವರ್ಷದ ಮಕ್ಕಳ ತರಗತಿಗೂ ಮದುವೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಒಂದೇ ಬೆಂಚಿನಲ್ಲಿ ಕೂತು ಬೆಳೆದವರು ನಾಳೆ ಒಬ್ಬರನ್ನೊಬ್ಬರು ಪ್ರೀತಿಸಿಯಾರು ಎಂಬುದೇ ‘ಬೆರೆತು ಕರಗುವುದನ್ನು’ ತಡೆಯಹೊರಟವರ ಭಯ, ಹಾಗಾಗಿ ಅವರ ವಿರೋಧ ಮದುವೆಯ ಚಪ್ಪರದಲ್ಲಿ ಶುರುವಾಗುವುದಿಲ್ಲ. ಈ ಸುದ್ದಿಗೆ ಸುಟ್ಟ ಕೋಣೆಯ ಒಂದು ಚಿತ್ರವೇ ಸಾಕು, ಬೇರೆ ವಿಶೇಷಣ ಬೇಕಿಲ್ಲ.

ವಧೂವರರ ಹೆಸರು, ಮನೆ, ಕೆಲಸದ ಸ್ಥಳಗಳನ್ನು ಹೊರಗಿನ ಪತ್ರಿಕೆಗಳು ಪ್ರಕಟಿಸಿದ್ದರೂ ನೀವು ಪ್ರಕಟಿಸಬೇಕಾದ ಅಗತ್ಯವಿಲ್ಲ. ಆಮಂತ್ರಣ ಪತ್ರಿಕೆಯನ್ನು ಬಯಲಿಗೆ ಎಳೆಯುವುದೇ ಅಲ್ಲಿ ಆಯುಧವಾಗಿತ್ತು.

ನಮ್ಮ ಓದುಗರಿಗೆ ದಾಟಿಸುವಾಗ

ಹೋಲಿಕೆ ಕೊಡಬೇಕೆನಿಸಿದರೆ ಕಾನೂನಿನ ಹೋಲಿಕೆ ಕೊಡಿ. ನಮ್ಮಲ್ಲಿ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಧರ್ಮ ಬದಲಿಸದೆಯೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಬಹುದು, ಸೈಪ್ರಸ್‌ಗೆ ಹೋಗಬೇಕಿಲ್ಲ. ಆದರೆ ಅದೇ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಜೋಡಿಯ ವಿವರ 30 ದಿನ ತೂಗುತ್ತದೆ. ಅದನ್ನು ನೋಡಿ ಮನೆಯವರಿಗೆ ಸುದ್ದಿ ಮುಟ್ಟಿಸುವವರಿಂದ ಜೋಡಿಗಳು ಪಡುವ ಪಾಡು ನಮಗೆ ಗೊತ್ತಿರುವುದೇ. ಇದಕ್ಕಿಂತ ಮುಂದೆ ಹೋಗಿ ಅಲ್ಲಿನ ಸಂಘಟನೆಗಳನ್ನು ಇಲ್ಲಿನವುಗಳೊಡನೆ ತೂಗಿ ನೋಡಲು ಹೊರಟರೆ, ಓದುಗರು ಇಸ್ರೇಲನ್ನು ಮರೆತು ನಮ್ಮ ಜಗಳಕ್ಕೆ ಇಳಿಯುತ್ತಾರೆ.

ಭಾರತದ ನಿಜವಾದ ನಂಟೂ ಒಂದಿದೆ. ಕೊಂಕಣ ಕರಾವಳಿಯಿಂದ ಇಸ್ರೇಲ್‌ಗೆ ಹೋಗಿ ನೆಲೆಸಿದ ಬೆನೆ ಇಸ್ರೇಲ್ ಯೆಹೂದಿಗಳನ್ನು ಬೇರೆ ಯೆಹೂದಿಗಳೊಡನೆ ಮದುವೆ ಮಾಡಿಸಲು 1960ರ ದಶಕದ ಆರಂಭದಲ್ಲಿ ಅಲ್ಲಿನ ಕೆಲವು ರಬ್ಬಿಗಳು ಹಿಂದೆಗೆದರು. ಅವರ ತಾಯಿಯ ಕಡೆಯ ವಂಶವನ್ನು ತಲೆಮಾರುಗಳ ಹಿಂದಕ್ಕೆ ಹೋಗಿ ವಿಚಾರಿಸಬೇಕೆಂದು ಮುಖ್ಯ ರಬ್ಬಿ ಪೀಠ ಸೂಚನೆ ಕೊಟ್ಟಿತು. ಬೆನೆ ಇಸ್ರೇಲ್ ಜನ ಧರಣಿ ಕೂತರು, 1964ರಲ್ಲಿ ವಿಷಯ ಕ್ನೆಸೆಟ್ ತಲುಪಿತು, ಅವರನ್ನು ಹೆಸರಿಸಿ ಪ್ರತ್ಯೇಕಿಸಿದ್ದ ಸೂಚನೆ ಬದಲಾಯಿತು. ಮಂಗಳೂರು, ಉಡುಪಿ ಕಡೆಯವರು ಇಂದು ಇಸ್ರೇಲ್‌ನ ಮನೆಗಳಲ್ಲಿ ವೃದ್ಧರ ಆರೈಕೆ ಮಾಡುತ್ತಿದ್ದಾರೆ. ಅವರ ಊರಿನವರು ನಿಮ್ಮ ಸುದ್ದಿಯನ್ನು ಅಂಗೈಯಲ್ಲಿ ಹಿಡಿದು ಓದುತ್ತಾರೆ ಎಂಬ ಅರಿವಿನಿಂದ ಬರೆಯಿರಿ.

ಕಡೆಗೆ ದಿನಾಂಕ ನೋಡಿ. 2024ರಲ್ಲಿ ಯುರೋಪಿಯನ್ ಒಕ್ಕೂಟ, ಬ್ರಿಟನ್ ಮತ್ತು ಅಮೆರಿಕ ಲೆಹಾವಾ ವಿರುದ್ಧ ನಿರ್ಬಂಧ ಹೇರಿದವು. 2025ರ ಜನವರಿ 20ರಂದು ಟ್ರಂಪ್ ಸಂಬಂಧಪಟ್ಟ ಆದೇಶವನ್ನು ರದ್ದುಮಾಡಿದ್ದರಿಂದ ಅಮೆರಿಕದ ನಿರ್ಬಂಧಗಳು ಇಲ್ಲವಾದವು. ಹಳೆಯ ಕಾಪಿಯ ಹಿನ್ನೆಲೆ ಸಾಲನ್ನು ಹಾಗೆಯೇ ಎತ್ತಿ ಹಾಕಿದರೆ ಇಂಥ ತಪ್ಪು ನುಸುಳುತ್ತದೆ.

ಆ ದಿನದ ಸುದ್ದಿಯನ್ನು ಇಂದು ಬರೆಯಬೇಕಾಗಿ ಬಂದರೆ ನಾನು ಹೀಗೆ ಬರೆಯುತ್ತೇನೆ: ‘ಪೊಲೀಸ್ ಕಾವಲಿನಲ್ಲಿ ನಡೆದ ಮದುವೆ, ಜೋಡಿಯ ಪರ ನಿಂತ ಇಸ್ರೇಲ್ ಅಧ್ಯಕ್ಷ. ರಿಶೋನ್ ಲೆಜಿಯೊನ್: ಮುಸ್ಲಿಂ ಯುವಕ ಮತ್ತು ಯೆಹೂದಿ ಮೂಲದ ಯುವತಿಯ ಮದುವೆಗೆ ಅಡ್ಡಿಪಡಿಸಲು, ಕಹಾನೆಯ ಅನುಯಾಯಿಗಳು ಕಟ್ಟಿದ ಲೆಹಾವಾ ಸಂಘಟನೆಯ ಇನ್ನೂರಕ್ಕೂ ಹೆಚ್ಚು ಮಂದಿ ಭಾನುವಾರ ನಡೆಸಿದ ಯತ್ನವನ್ನು ಪೊಲೀಸರು ತಡೆದರು. ನಾಲ್ವರನ್ನು ಬಂಧಿಸಲಾಗಿದೆ. ಮದುವೆ ನಡೆಯಿತು.’